ಕಬ್ಬಿನ ಗಾಡಿಗೆ ಯಾವ ರಾಕರ್ ಆರ್ಮ್? ಕಂಪನಿದೋ, ಪ್ಯಾಟಿದೋ?

ಗಲಗಲಿ: ದಸರಾ ಮುಗಿದು ದೀಪಾವಳಿಯ ಹಣತೆ ಆರುವ ಹೊತ್ತಿಗೆ ಕೃಷ್ಣಾ ತೀರದ ಈ ಊರಿನಲ್ಲಿ ಎರಡು ಸದ್ದು ಏಳುತ್ತವೆ. ಒಂದು, ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನದು. ಇನ್ನೊಂದು, ಟ್ರ್ಯಾಕ್ಟರ್ ಹೆಡ್ಡಿನ ಮೇಲಿಂದ ಬರುವ ‘ಕಟ್ ಕಟ್ ಕಟ್’.

ಮೊದಲನೆಯದನ್ನು ಕೇಳಿ ಊರು ಹಿಗ್ಗುತ್ತದೆ. ಎರಡನೆಯದನ್ನು ಕೇಳಿ ಗಾಡಿ ಮಾಲೀಕನ ಎದೆ ಹೊಡೆದುಕೊಳ್ಳುತ್ತದೆ.

ಹೊಡೆದುಕೊಳ್ಳದೆ ಏನು ಮಾಡೀತು? ಕಾರ್ಖಾನೆ ಚಾಲೂ ಆದರೆ ನಾಲ್ಕೈದು ತಿಂಗಳು ಹಗಲು ರಾತ್ರಿ ದುಡಿತ. ಬಾಡಗಂಡಿಯೋ, ಹಿರೇಪಡಸಲಗಿಯೋ, ಸಿದ್ದಾಪುರವೋ, ಸಮೀರವಾಡಿಯೋ, ಯಾವ ಕಾರ್ಖಾನೆಗೆ ಕಬ್ಬು ಹೊರಟರೂ ಹಿಂದೆ ಎರಡು ಟ್ರೇಲರ್. ಗ್ಯಾಂಗಿನವರಿಗೆ ಮುಂಗಡ ಕೊಟ್ಟಾಗಿದೆ, ಗಾಡಿ ಸಾಲದ ಕಂತು ಕಾದು ಕುಳಿತಿದೆ. ಇಂಥದರಲ್ಲಿ ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಮಾಲೀಕನ ಕಥೆ ಕೇಳುವುದೇ ಬೇಡ. ಕಡಿದಿಟ್ಟ ಕಬ್ಬು ಹೊಲದಲ್ಲೇ ಒಣಗಿ ತೂಕ ಇಳಿಯುತ್ತದೆ. ಆ ನಷ್ಟ ರೈತನ ತಲೆಗೆ.

ಮಿಸ್ತ್ರಿ ಟ್ಯಾಪೆಟ್ ಕವರ್ ಬಿಚ್ಚಿ ಒಳಗೆ ಕಣ್ಣಾಡಿಸಿ, ‘ರಾಕರ್ ಹೋಗ್ಯಾವ್ರೀ ಸಾವಕಾರ್ರ’ ಅಂತಾನೆ. ಸಾವಕಾರರು ಬೈಕ್ ಏರಿ ಪ್ಯಾಟಿಗೆ ಓಡುತ್ತಾರೆ. ಅಂಗಡಿಯವನದು ಒಂದೇ ಪ್ರಶ್ನೆ: ‘ವರಿಜಿನಲ್ ಕೊಡ್ಲೇನ್ರೀ, ಲೋಕಲ್ ಸಾಕೋ?’

ಉತ್ತರ ಕಿಸೆ ನೋಡಿಕೊಂಡು ಬರುತ್ತದೆ. ತಪ್ಪಾಗುವುದು ಅಲ್ಲೇ. ನೋಡಬೇಕಾದದ್ದು ಕಿಸೆ ಅಲ್ಲ, ಇಂಜಿನ್ನಿನ ಒಳಗೆ ಏನು ಬದಲಾಗಿದೆ, ಏನು ಬದಲಾಗಿಲ್ಲ ಎಂಬುದು.

ತಕ್ಕಡಿಯ ದಾಂಡು

ರಾಕರ್ ಆರ್ಮ್ ಅಂದರೆ ಏನೋ ದೊಡ್ಡ ಯಂತ್ರವಲ್ಲ. ಗೇಣುದ್ದವೂ ಇಲ್ಲದ ಕಬ್ಬಿಣದ ತುಂಡು. ಕಿರಾಣಿ ಅಂಗಡಿಯ ತಕ್ಕಡಿ ದಾಂಡನ್ನು ನೆನೆಸಿಕೊಳ್ಳಿ. ನಡುವೆ ಒಂದು ಶಾಫ್ಟ್. ಒಂದು ತುದಿಯನ್ನು ಕೆಳಗಿನಿಂದ ಪುಶ್ ರಾಡ್ ಎತ್ತುತ್ತದೆ, ಇನ್ನೊಂದು ತುದಿ ವಾಲ್ವನ್ನು ಕೆಳಗೆ ಒತ್ತುತ್ತದೆ. ಪುಶ್ ರಾಡನ್ನು ಎತ್ತುವುದು ಕ್ಯಾಮ್ ಶಾಫ್ಟಿನ ಉಬ್ಬು. ಇಷ್ಟೇ ಕೆಲಸ.

ಆದರೆ ಎಷ್ಟು ಸಲ? ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಕ್ಯಾಮ್ ಅದರ ಅರ್ಧ, 1000 ಸುತ್ತು. ಅಂದರೆ ಪ್ರತಿಯೊಂದು ರಾಕರ್ ನಿಮಿಷಕ್ಕೆ ಸಾವಿರ ಸಲ ಬಗ್ಗಿ ಏಳಬೇಕು, ತಾಸಿಗೆ 60 ಸಾವಿರ ಸಲ. ಹತ್ತು ತಾಸು ದುಡಿದರೆ 6 ಲಕ್ಷ! ಇಷ್ಟು ಸಲಾಮು ಹೊಡೆಯುವ ಆಳು ಯಾವ ದರಬಾರಿನಲ್ಲೂ ಸಿಕ್ಕಲಾರ.

ತಕ್ಕಡಿ ದಾಂಡಿಗೂ ಇದಕ್ಕೂ ಒಂದು ಫರಕು ಇದೆ. ತಕ್ಕಡಿಯ ಎರಡೂ ಕೈ ಸಮ, ಇರದಿದ್ದರೆ ಅಂಗಡಿಯವನನ್ನು ಜನ ಬಿಟ್ಟಾರೆಯೇ? ರಾಕರ್‌ನಲ್ಲಿ ಸಾಮಾನ್ಯವಾಗಿ ವಾಲ್ವಿನ ಕಡೆಯ ಕೈ ಉದ್ದ. ಈ ಎರಡು ಕೈಗಳ ಅನುಪಾತಕ್ಕೆ ಮಿಸ್ತ್ರಿಗಳು ‘ರೇಶೋ’ ಎನ್ನುತ್ತಾರೆ. ಲೆಕ್ಕಕ್ಕೆ ಹೇಳುವುದಾದರೆ, ಪುಶ್ ರಾಡ್ 7 ಮಿಲಿಮೀಟರ್ ಏರಿ, ರೇಶೋ 1.5 ಇದ್ದರೆ ವಾಲ್ವ್ 10.5 ಮಿಲಿಮೀಟರ್ ಇಳಿಯುತ್ತದೆ. ರೇಶೋ 1.6 ಆದರೆ 11.2. ಟ್ಯಾಪೆಟ್ಟಿನ ಸಂದು ಅದರಲ್ಲಿ ತುಸು ಕಳೆಯುತ್ತದೆ, ಇರಲಿ. ಮುಕ್ಕಾಲು ಮಿಲಿಮೀಟರಿನಷ್ಟು ಫರಕು ಏನು ಮಹಾ ಅನ್ನಬೇಡಿ. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಜಾಗ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಷ್ಟೇ.

ಪ್ಯಾಟಿಯ ರಾಕರ್ ನೋಡಲು ಕಂಪನಿಯದರ ಅವಳಿಯಂತೆಯೇ ಇರಬಹುದು. ಆದರೆ ನಡುವಿನ ತೂತು ಕೂದಲೆಳೆಯಷ್ಟು ಆಚೀಚೆಯಾದರೂ ರೇಶೋ ಬದಲಾಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಳೆದರೆ ಮಾತ್ರ ಗೊತ್ತು.

ಲೋಕಲ್ ಎಲ್ಲ ಒಂದೇ ಅಲ್ಲ

‘ಲೋಕಲ್’ ಎಂಬ ಒಂದೇ ಶಬ್ದದಲ್ಲಿ ಪ್ಯಾಟಿಯವರು ಎರಡು ಬೇರೆ ಬೇರೆ ಮಾಲನ್ನು ತುರುಕಿಬಿಟ್ಟಿದ್ದಾರೆ.

ಒಂದು, ಬಿಡಿಭಾಗ ತಯಾರಿಸುವ ಕಾರ್ಖಾನೆ ತನ್ನದೇ ಹೆಸರು ಹಾಕಿ, ತನ್ನದೇ ಡಬ್ಬಿಯಲ್ಲಿ ಮಾರುವ ಮಾಲು. ಇದು ಕಳ್ಳಮಾಲಲ್ಲ. ಟ್ರ್ಯಾಕ್ಟರ್ ಕಂಪನಿಗಳೂ ಎಲ್ಲ ಬಿಡಿಭಾಗವನ್ನು ತಾವೇ ಎರಕ ಹೊಯ್ಯುವುದಿಲ್ಲ, ಹೊರಗಿನ ಕಾರ್ಖಾನೆಗಳಿಂದ ಮಾಡಿಸಿಕೊಳ್ಳುವುದೂ ಉಂಟು. ಹೆಸರು ಉಳಿಸಿಕೊಳ್ಳಬೇಕೆನ್ನುವವನ ಮಾಲು ಕಂಪನಿಯದಕ್ಕೆ ಸರಿಸಮ ಇರಬಹುದು, ರೊಕ್ಕವೂ ಉಳಿಯಬಹುದು.

ಇನ್ನೊಂದು, ಕಂಪನಿಯ ಡಬ್ಬಿಯನ್ನೇ ನಕಲು ಮಾಡಿ ಒಳಗೆ ಏನೋ ಒಂದನ್ನು ಹಾಕಿ ಕೊಡುವುದು. ಇದು ಶುದ್ಧ ಮೋಸ. ಇದನ್ನು ‘ವರಿಜಿನಲ್’ ಬೆಲೆಗೇ ಮಾರುತ್ತಾರೆ ಎಂಬುದು ತಮಾಷೆ. ತುಟ್ಟಿ ಕೊಟ್ಟೆ, ಆದ್ದರಿಂದ ಛಲೋ ಮಾಲು ಎಂದು ನಂಬಿದವನೇ ಇಲ್ಲಿ ಬೇಗ ಟೋಪಿ ಹಾಕಿಸಿಕೊಳ್ಳುತ್ತಾನೆ. ಭಾಗದ ನಂಬರು ಬರೆಸಿದ ಪಕ್ಕಾ ಬಿಲ್ಲು ಕೇಳಿದರೆ ಕೆಲವು ಅಂಗಡಿಗಳಲ್ಲಿ ಧ್ವನಿಯೇ ಬದಲಾಗುತ್ತದೆ. ಬದಲಾದರೆ ಪಕ್ಕದ ಅಂಗಡಿ ಇದ್ದೇ ಇದೆ.

ಇವೆರಡೂ ಅಲ್ಲದೆ ಮೂರನೆಯ ದಾರಿಯೊಂದಿದೆ, ನಮ್ಮ ಕಡೆ ಬಹಳ ಮಂದಿ ಹಿಡಿಯುವುದು ಅದನ್ನೇ. ಹಳೆಯ ರಾಕರ್‌ಗೆ ಲೇಥಿನವರ ಕಡೆ ಹೊಸ ಬುಷ್ ಹಾಕಿಸಿ, ಸವೆದ ಮೂತಿ ತಿಕ್ಕಿಸಿ, ಮತ್ತೆ ಏರಿಸುವುದು. ತಪ್ಪೇನಿಲ್ಲ. ಕೆಲಸ ಬಲ್ಲ ಲೇಥಿನವನ ಕೈಯಲ್ಲಿ ಹಳೆಯ ಕಂಪನಿ ರಾಕರ್ ಹೊಸ ನಕಲಿಗಿಂತ ಎಷ್ಟೋ ಮೇಲು. ಆದರೆ ಎರಡು ಮಾತು ನೆನಪಿರಬೇಕು.

ವಾಲ್ವನ್ನು ಒತ್ತುವ ಮೂತಿಯ ಮೇಲ್ಪದರಕ್ಕೆ ಮಾತ್ರ ಗಟ್ಟಿತನ ಕೊಟ್ಟಿರುತ್ತಾರೆ. ಆ ಪದರ ತೆಳು. ‘ಇನ್ನೊಂಚೂರು ತಿಕ್ಕೋ’ ಎಂದು ತಿಕ್ಕಿಸಿದರೆ ಗಟ್ಟಿ ಸಿಪ್ಪೆ ಹೋಗಿ ಮೆತ್ತನೆ ಕಬ್ಬಿಣ ಮೇಲೆ ಬರುತ್ತದೆ. ಅದು ಒಂದು ಹಂಗಾಮೂ ತಡೆಯದು. ಮೂತಿಯ ದುಂಡು ಬಾಗು ಕೆಟ್ಟರಂತೂ ಅದು ವಾಲ್ವಿನ ತಲೆಯನ್ನು ಉಜ್ಜುತ್ತದೆ.

ಎರಡನೆಯದು ಬುಷ್‌ನ ತೂತು. ಶಾಫ್ಟಿನೊಳಗಿಂದ ಬರುವ ಆಯಿಲ್ ಬುಷ್‌ನ ತೂತಿನ ಮೂಲಕ ರಾಕರ್‌ನ ಮೂತಿಗೆ, ಪುಶ್ ರಾಡಿನ ಬಟ್ಟಲಿಗೆ ಹೋಗಬೇಕು. ಹೊಸ ಬುಷ್ ಒತ್ತುವಾಗ ಅದರ ತೂತು ರಾಕರ್‌ನ ತೂತಿಗೆ ಎದುರಾಗಿ ಕೂಡದೆ ಪಕ್ಕಕ್ಕೆ ಹೊರಳಿತೋ, ಅಲ್ಲಿಗೆ ಕಥೆ ಮುಗಿಯಿತು. ಹೊರಗಿನಿಂದ ಎಲ್ಲ ಹೊಸದು, ಥಳಥಳ. ಒಳಗೆ ಒಂದು ತೊಟ್ಟು ಆಯಿಲ್ ಇಲ್ಲ. ಎಂಟು ದಿನದಲ್ಲಿ ಮತ್ತೆ ಕಟ್ ಕಟ್. ಬೈಗುಳ ಮಾತ್ರ ಅಂಗಡಿಯವನಿಗೆ, ‘ಲೋಕಲ್ ಮಾಲು ಕೊಟ್ಟ’ ಎಂದು!

ಎಚ್‌ಎಂಟಿ ಇಟ್ಟುಕೊಂಡವರ ಪೇಚು

ಕಂಪನಿಯದೇ ಬೇಕು ಎಂದು ಹಟ ಹಿಡಿದವರಿಗೂ ಒಂದು ಗಾಡಿಯ ಮುಂದೆ ಮಾತು ನಿಲ್ಲುತ್ತದೆ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯದವರ ಜೆಟರ್ ಮಾದರಿ ಹಿಡಿದು ಟ್ರ್ಯಾಕ್ಟರ್ ಮಾಡತೊಡಗಿತು. ಅದರ 5911 ಮಾದರಿ ಜಗ್ಗುವ ಕೆಲಸಕ್ಕೆ ಹೆಸರಾದದ್ದು. 2016ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟ ಆ ಟ್ರ್ಯಾಕ್ಟರ್ ಘಟಕವನ್ನೇ ಮುಚ್ಚಲು ಒಪ್ಪಿಗೆ ಕೊಟ್ಟಿತು.

ಗಾಡಿ ಇದೆ, ಮಾಡಿದ ಘಟಕವಿಲ್ಲ. ಇಂಥ ಗಾಡಿಯ ಮಾಲೀಕನಿಗೆ ‘ವರಿಜಿನಲ್ಲೋ ಲೋಕಲ್ಲೋ’ ಎಂಬ ಪ್ರಶ್ನೆ ಬೇರೆಯೇ ಆಗುತ್ತದೆ. ಹಳೆಯ ದಾಸ್ತಾನು ಎಲ್ಲಾದರೂ ಉಳಿದಿದ್ದರೆ ಅದೃಷ್ಟ. ಇಲ್ಲದಿದ್ದರೆ ಹೆಸರುಳ್ಳ ಬೇರೆಯವರ ಮಾಲು, ಅದೂ ಇಲ್ಲದಿದ್ದರೆ ಲೇಥು. ಈ ಮಾಲೀಕರು ಪ್ಯಾಟಿಗೆ ಹೋಗುವಾಗ ಹಳೆಯ ರಾಕರನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಬೇಕು. ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡನ್ನೂ ಜೋಡಿಸಿಟ್ಟು, ನಡುವಿನ ತೂತಿನಿಂದ ಎರಡೂ ತುದಿಗೆ ವರ್ನಿಯರ್ ಹಿಡಿದು ಅಳೆಯಬೇಕು. ಮೂತಿಯ ಅಂಚಿನಲ್ಲಿ ಅರದಿಂದ ಮೆಲ್ಲಗೆ ಒಂದು ಗೀರು ಎಳೆದು ನೋಡಬೇಕು. ಅರ ಜಾರಿದರೆ ಗಟ್ಟಿತನ ಉಂಟು, ಕಚ್ಚಿದರೆ ಡಬ್ಬಿಗೆ ವಾಪಸು ಹಾಕಿ ಕೊಡುವುದೇ ಸರಿ. ಅಂಗಡಿಯವನು ಮುಖ ಸಿಂಡರಿಸಬಹುದು. ಸಿಂಡರಿಸಲಿ.

ಜಾತ್ರೆಯ ಹುಕಿ

ಇನ್ನು ಹೊಸ ಹುರುಪಿನ ಹುಡುಗರ ಮಾತು. ನಮ್ಮ ಭಾಗದ ಜಾತ್ರೆಗಳಲ್ಲಿ ಎತ್ತಿನ ತೆರಬಂಡಿಯ ಜೊತೆಗೆ ಈಗ ಟ್ರ್ಯಾಕ್ಟರ್ ಸ್ಪರ್ಧೆಗಳೂ ನಡೆಯುತ್ತವೆ. ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಓಡಿಸುವುದು ಕೈಚಳಕದ ಆಟ, ಅದಕ್ಕೆ ಇಂಜಿನ್ ಬಿಚ್ಚಬೇಕಿಲ್ಲ. ಆದರೆ ಜಗ್ಗುವ ಹುಕಿ ಹತ್ತಿದವರು ಫೋನಿನಲ್ಲಿ ಪರದೇಶದ ರೇಸ್ ಗಾಡಿಗಳ ಚಿತ್ರ ನೋಡಿ, ‘ಕ್ಯಾಮ್ ಎತ್ತರದ್ದು ಹಾಕ್ಸೂಣು, ರಾಕರ್ ರೇಶೋ ಹೆಚ್ಚಿಂದು ತರಸೂಣು, ಗಾಡಿ ಹಾರತೈತಿ’ ಎನ್ನುತ್ತಾರೆ.

ಹಾರುತ್ತದೆಯೇ? ತುಸು ವಿಚಾರ ಮಾಡೋಣ.

ಎತ್ತರದ ಕ್ಯಾಮ್ ವಾಲ್ವನ್ನು ಹೆಚ್ಚು ತೆರೆಯುತ್ತದೆ, ಇಂಜಿನ್ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಇದರ ಲಾಭ ಕಾಣುವುದು ಇಂಜಿನ್ ಅತಿ ಜೋರು ಸುತ್ತುವಾಗ. ಪೆಟ್ರೋಲಿನ ರೇಸ್ ಇಂಜಿನ್ನುಗಳಿಗೆ ಅದು ಸರಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಂಥ ಪಂದ್ಯಕ್ಕೆ ಇಂಜಿನ್ ಕಟ್ಟುವವರಿಗೆ, ಮದ್ರಾಸಿನ ಹತ್ತಿರ ಶ್ರೀಪೆರಂಬುದೂರಿನ ರೇಸ್ ಟ್ರ್ಯಾಕಿಗೆ ಗಾಡಿ ಒಯ್ಯುವವರಿಗೆ ಅದರ ಲೆಕ್ಕ ಗೊತ್ತು. ಟ್ರ್ಯಾಕ್ಟರ್ ಡೀಸೆಲ್ಲಿನದು. ಎರಡು ಸಾವಿರ ಚಿಲ್ಲರೆ ಸುತ್ತಿಗೆ ಗವರ್ನರ್ ಲಗಾಮು ಹಾಕಿಬಿಟ್ಟಿರುತ್ತದೆ. ಆ ಸುತ್ತಿನಲ್ಲಿ ಕಂಪನಿ ಇಟ್ಟ ಕ್ಯಾಮೇ ಅದಕ್ಕೆ ಬೇಕಾದ ಗಾಳಿ ಒದಗಿಸುತ್ತದೆ. ಕುದುರೆಗೆ ಲಗಾಮು ಬಿಗಿಹಿಡಿದು, ಹೊಸ ನಾಲು ಬಡಿಸಿದರೆ ಓಟ ಹೆಚ್ಚೀತೇ?

ಇನ್ನೊಂದು, ಪಂದ್ಯದ ಇಂಜಿನ್ ಕಟ್ಟುವವರು ಕ್ಯಾಮನ್ನು ಒಂದೇ ಬದಲಿಸುವುದಿಲ್ಲ. ವಾಲ್ವ್ ಹೆಚ್ಚು ಇಳಿದರೆ ಸ್ಪ್ರಿಂಗ್ ಹೆಚ್ಚು ಅದುಮಿಕೊಳ್ಳುತ್ತದೆ. ಅದರ ಸುತ್ತುಗಳು ಒಂದಕ್ಕೊಂದು ಅಂಟುವ ಮೊದಲು ಒಟ್ಟು ಒಂದೂವರೆ ಮಿಲಿಮೀಟರಾದರೂ ಉಳಿದಿರಬೇಕೆಂಬುದು ಅವರ ರೂಢಿ. ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಎರಡು, ಎರಡೂವರೆ ಮಿಲಿಮೀಟರ್ ಬಿಡುತ್ತಾರೆ. ಡೀಸೆಲ್ಲಿನಲ್ಲಿ ಅಷ್ಟು ಜಾಗ ಬಿಡುವುದು ಎಲ್ಲಿಂದ? ಪಿಸ್ಟನ್ ಹೆಡ್ಡಿಗೆ ತಾಗುವಷ್ಟು ಹತ್ತಿರ ಬರುವುದರಿಂದಲೇ ಅಲ್ಲವೇ ಅದರಲ್ಲಿ ಡೀಸೆಲ್ ಹೊತ್ತಿಕೊಳ್ಳುವುದು! ಹೆಚ್ಚು ತೆರೆದ ವಾಲ್ವಿಗೆ ಏರಿ ಬರುವ ಪಿಸ್ಟನ್ ಗುದ್ದಿದರೆ ವಾಲ್ವ್ ಬಾಗುತ್ತದೆ, ಪುಶ್ ರಾಡ್ ಡೊಂಕಾಗುತ್ತದೆ, ಕೆಲವೊಮ್ಮೆ ಪಿಸ್ಟನ್ನೇ ಒಡೆಯುತ್ತದೆ.

ಸ್ಪ್ರಿಂಗ್ ಬಿರುಸಿನದು ಹಾಕಿದರೆ ಆ ಭಾರವನ್ನೆಲ್ಲ ರಾಕರ್ ಹೊರಬೇಕು. ಕಂಪನಿಯ ರಾಕರ್ ತಯಾರಾದದ್ದು ಕಂಪನಿಯ ಸ್ಪ್ರಿಂಗಿಗೆ. ಹೆಚ್ಚಿನ ಭಾರಕ್ಕೆ ಅದು ಮಣಿಯುತ್ತದೆ, ದಿನ ಕಳೆದಂತೆ ಬಿರುಕು ಬಿಡುತ್ತದೆ. ಎತ್ತರದ ಕ್ಯಾಮಿನಲ್ಲಿ ಅದರ ಮೂತಿ ವಾಲ್ವಿನ ತಲೆಯ ಮೇಲೆ ಹೆಚ್ಚು ದೂರ ಜಾರುತ್ತದೆ. ಜಾರಿದಷ್ಟೂ ವಾಲ್ವಿಗೆ ಅಡ್ಡ ಒತ್ತು, ಗೈಡ್ ಸವೆತ, ಆಯಿಲ್ ಕೆಳಗಿಳಿದು ನೀಲಿ ಹೊಗೆ. ಆದ್ದರಿಂದ ನಿಜವಾದ ರೇಸ್ ಇಂಜಿನ್ನಿನಲ್ಲಿ ಕಂಪನಿ ರಾಕರ್ ಸಾಕಾಗದು ಎಂಬುದು ಖರೆ. ಅಲ್ಲಿ ಗಟ್ಟಿ ಉಕ್ಕಿನ, ಮೂತಿಗೆ ಉರುಳೆ ಇರುವ ಹೊರಗಿನ ರಾಕರ್ ಬೇಕೇ ಬೇಕು. ಅಲ್ಯೂಮಿನಿಯಮ್ಮಿನವೂ ಬರುತ್ತವೆ, ಹಗುರ, ಆದರೆ ದಣಿವು ಬೇಗ. ತಿಂಗಳಿಗೊಮ್ಮೆ ಪಂದ್ಯಕ್ಕೆ ಹೋಗುವ ಗಾಡಿಗೆ ಅದು ನಡೆದೀತು, ರಾತ್ರಿಯಿಡೀ ಕಾರ್ಖಾನೆ ಪಾಳಿಯಲ್ಲಿ ಗುರುಗುಟ್ಟುವ ಕಬ್ಬಿನ ಗಾಡಿಗಲ್ಲ.

ಹುಡುಗರು ಮಾಡುವ ಅಪಾಯದ ಕೆಲಸ ಎಂದರೆ ಅರ್ಧಂಬರ್ಧದ್ದು. ಕ್ಯಾಮ್ ಹಳೆಯದು, ಸ್ಪ್ರಿಂಗ್ ಹಳೆಯದು, ರೇಶೋ ಹೆಚ್ಚಿನ ರಾಕರ್ ಮಾತ್ರ ಹೊಸದು. ಅಳತೆ ಯಾರೂ ಮಾಡಿಲ್ಲ. ಜಾತ್ರೆಯಲ್ಲಿ ಚಪ್ಪಾಳೆ ಬಿದ್ದರೂ ಮರುದಿನ ಹೆಡ್ ಬಿಚ್ಚುವ ಖರ್ಚು ಅಪ್ಪನದು. ಆ ಗಾಡಿಯೇ ನವೆಂಬರಿನಲ್ಲಿ ಕಬ್ಬಿಗೂ ಹೋಗಬೇಕು.

ಹಾಗಾದರೆ ಯಾವುದು?

ಕ್ಯಾಮ್ ಕಂಪನಿಯದೇ ಇದ್ದರೆ ರಾಕರ್ ಕೂಡ ಕಂಪನಿ ಅಳತೆಯದೇ ಇರಲಿ. ಹೆಸರುಳ್ಳ ಬೇರೆಯವರದು ಅದೇ ಅಳತೆ, ಅದೇ ಗಟ್ಟಿತನಕ್ಕೆ ಸಿಕ್ಕರೆ ಹಾಕಿಸಲು ಅಂಜಬೇಕಿಲ್ಲ. ಇದರಾಚೆಗೆ ತುಟ್ಟಿ ರೇಸ್ ರಾಕರ್‌ಗೆ ಕೊಡುವ ರೊಕ್ಕ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕೊಳ್ಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ಕಟ್ ಕಟ್ ಸದ್ದಿಗೆ ರಾಕರೇ ಕಾರಣವೋ? ಬಹಳ ಸಲ ಅಲ್ಲ. ಹೆಡ್ಡಿನ ತುದಿಗೆ ಆಯಿಲ್ ಏರುವುದೇ ಎಲ್ಲಕ್ಕಿಂತ ಕೊನೆಗೆ. ಆಯಿಲ್ ಬದಲಿಸದೆ ದುಡಿಸಿದ ಗಾಡಿಯಲ್ಲಿ ಕರಿ ರಾಡಿ ಕಟ್ಟಿ ಮೊದಲು ಮುಚ್ಚಿಕೊಳ್ಳುವುದು ಅಲ್ಲಿಯ ಸಣ್ಣ ತೂತೇ. ಮುಂಜಾನೆ ಥಂಡಿಯಲ್ಲಿ ಗಾಡಿ ಚಾಲೂ ಮಾಡಿದ ಕೂಡಲೇ ಭರ್ರೆಂದು ಎಕ್ಸಲೇಟರ್ ತುಳಿಯುವ ಡ್ರೈವರ್ ಮಹಾಶಯರೂ ಇದ್ದಾರೆ. ಆಯಿಲ್ ಇನ್ನೂ ಮೇಲೆ ಮುಟ್ಟಿರುವುದಿಲ್ಲ, ರಾಕರ್ ಆಗಲೇ ಒಣಗಂಟಲಲ್ಲಿ ಸಾವಿರಾರು ಸಲ ಬಡಿದಿರುತ್ತದೆ.

ಶಾಫ್ಟನ್ನು ಮೇಲಿನಿಂದ ನೋಡಿ ‘ಛಲೋ ಐತಿ’ ಅನ್ನುವ ಮಿಸ್ತ್ರಿಯನ್ನು ಅಲ್ಲೇ ನಿಲ್ಲಿಸಬೇಕು. ರಾಕರ್‌ನ ಎರಡೂ ತುದಿಯನ್ನು ಕೆಳಗಿನಿಂದಲೇ ಮೇಲಕ್ಕೆ ನೂಕುವುದರಿಂದ ಶಾಫ್ಟ್ ಸವೆಯುವುದು ಕೆಳಹೊಟ್ಟೆಯಲ್ಲಿ. ಮೇಲೆ ಕನ್ನಡಿ, ಕೆಳಗೆ ಉಗುರು ಸಿಗುವ ತಗ್ಗು. ಬಿಚ್ಚಿ ಹೊರಳಿಸಿ ನೋಡದೆ ಹೊಸ ರಾಕರ್ ಏರಿಸಿದರೆ ಹೊಸ ಬುಷ್ ಹಳೆಯ ತಗ್ಗಿನಲ್ಲಿ ಕುಣಿಯುತ್ತದೆ.

ಫಿಲ್ಲರ್ ಗೇಜಿನ ಮೋಸವೂ ಒಂದಿದೆ. ಸವೆದ ಮೂತಿಯಲ್ಲಿ ಕುಳಿ ಬಿದ್ದಿರುತ್ತದೆ. ಚಪ್ಪಟೆ ಗೇಜು ಕುಳಿಯ ಎರಡು ದಂಡೆಯ ಮೇಲೆ ಸೇತುವೆಯಂತೆ ಕೂಡುತ್ತದೆ, ವಾಲ್ವಿನ ತಲೆ ಮಾತ್ರ ಕುಳಿಯ ಆಳಕ್ಕೆ ಹೋಗುತ್ತದೆ. ಗೇಜು ಪುಸ್ತಕದಷ್ಟೇ ತೋರಿಸುತ್ತದೆ, ನಿಜವಾದ ಸಂದು ಅದಕ್ಕಿಂತ ಹೆಚ್ಚು. ‘ಈಗಷ್ಟ ಟ್ಯಾಪೆಟ್ ಮಾಡೇನಿ, ಮತ್ತ ಯಾಕ ಬಡೀತೈತಿ?’ ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇಲ್ಲಿದೆ. ಸದ್ದು ತಡೆಯಲು ಸಂದು ಪೂರ್ತಿ ಬಿಗಿ ಮಾಡುವವರೂ ಉಂಟು. ಸದ್ದೇನೋ ನಿಲ್ಲುತ್ತದೆ. ಗಾಡಿ ಕಾದ ಮೇಲೆ ವಾಲ್ವ್ ಪೂರ್ತಿ ಮುಚ್ಚದೆ ಅದರ ಅಂಚು ಸುಡುತ್ತದೆ. ಕಟ್ ಕಟ್ ಅನ್ನುವ ಗಾಡಿಗಿಂತ ಸುಮ್ಮನಾದ ಈ ಗಾಡಿಯೇ ಬೇಗ ಗ್ಯಾರೇಜಿಗೆ ಬರುತ್ತದೆ.

ಬೈಕಿನವರೂ ಕಿವಿಗೊಡಿ. ಕ್ಯಾಮ್ ಮೇಲಿರುವ ಸಣ್ಣ ಬೈಕುಗಳಲ್ಲಿ ರಾಕರ್ ನೇರವಾಗಿ ಕ್ಯಾಮಿನ ಮೇಲೆಯೇ ಉಜ್ಜುತ್ತದೆ. ಅಲ್ಲಿ ಕ್ಯಾಮಿನ ಮೇಲೆ ಕಲೆ, ಕುಳಿ ಬಿದ್ದಿದ್ದರೆ ರಾಕರ್ ಒಂದನ್ನೇ ಬದಲಿಸಿ ಫಾಯದೆ ಇಲ್ಲ. ಹೊಸದನ್ನೂ ಹಳೆಯ ಕ್ಯಾಮ್ ತಿಂದುಹಾಕುತ್ತದೆ. ಎರಡನ್ನೂ ಕೂಡಿಸಿಯೇ ಹಾಕಿಸಬೇಕು.

ಮೊದಲ ಖೇಪಿಗೆ ಮುನ್ನ

ಹೊಸ ರಾಕರ್ ಏರಿಸಿದ ಮೇಲೆ ಅರ್ಧ ತಾಸಿನ ಕೆಲಸ ಬಾಕಿ ಇರುತ್ತದೆ. ಅವಸರದಲ್ಲಿ ಯಾರೂ ಮಾಡುವುದಿಲ್ಲ. ವಾಲ್ವಿನ ತಲೆಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ, ಸಂದು ಹೊಂದಿಸಿ, ಇಂಜಿನ್ನನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿದರೆ ಮಸಿ ಅಳಿಸಿದ ಗುರುತು ಬೀಳುತ್ತದೆ. ಗುರುತು ನಡುವೆ ಬಿದ್ದರೆ ರಾಕರ್ ಬರೋಬರಿ ಕೂತಿದೆ. ಅಂಚಿಗೆ ಬಿದ್ದರೆ ಅಳತೆಯಲ್ಲಿ ಎಲ್ಲೋ ತಪ್ಪಿದೆ, ಡಬ್ಬಿಯ ಮೇಲೆ ಯಾವ ಕಂಪನಿಯ ಹೆಸರೇ ಇರಲಿ. ಕೈಯಿಂದ ತಿರುಗಿಸುವಾಗ ಎಲ್ಲಾದರೂ ಗಕ್ಕನೆ ತಡೆದರೆ ಅಲ್ಲೇ ನಿಲ್ಲಿಸಬೇಕು, ಸೆಲ್ಫ್ ಮುಟ್ಟಬಾರದು.

ಆಮೇಲೆ ಕವರ್ ಮುಚ್ಚದೆಯೇ ಗಾಡಿ ಚಾಲೂ ಮಾಡಿ, ಸ್ಲೋದಲ್ಲಿ ಬಿಟ್ಟು, ಒಂದೊಂದೇ ರಾಕರ್ ನೋಡುತ್ತ ಹೋಗಬೇಕು. ಪ್ರತಿಯೊಂದರ ಮೇಲೂ ಆಯಿಲ್ ಒಸರಬೇಕು. ಯಾವುದಾದರೂ ಒಂದು ಒಣಗಿ ಕಂಡರೆ ಗಾಡಿ ಬಂದ್ ಮಾಡಿ ಬುಷ್‌ನ ತೂತು ನೋಡಬೇಕು. ನಾಲ್ಕು ದಿನ ಓಡಿದ ಮೇಲೆ ಸಂದು ಇನ್ನೊಮ್ಮೆ ಹೊಂದಿಸಬೇಕು, ಹೊಸ ಮೂತಿ ಕೂಡಿಕೊಳ್ಳುವಾಗ ಅದು ತುಸು ಬದಲಾಗುತ್ತದೆ.

ಎಲ್ಲವುದರ ಮೇಲೂ ಆಯಿಲ್ ಹೊಳೆಯಿತೇ? ಕವರ್ ಮುಚ್ಚಿ, ಟ್ರೇಲರಿನ ಕೊಕ್ಕೆ ಹಾಕಬಹುದು. ಗ್ಯಾಂಗಿನವರು ಹೊಲದಲ್ಲಿ ಕಾಯುತ್ತಿದ್ದಾರೆ.